ಬೀಟಲ್ಸ್ ಕೋಣೆಯೊಳಗೆ ಎಂಟು ಗಂಟೆ: ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರ ಸರಣಿಯನ್ನು ನೋಡುವ ಬಗೆ

ಪೀಟರ್ ಜಾಕ್ಸನ್ ನಿರ್ದೇಶನದ ‘ದ ಬೀಟಲ್ಸ್: ಗೆಟ್ ಬ್ಯಾಕ್’ 2021ರ ನವೆಂಬರ್ 25, 26, 27ರಂದು ದಿನಕ್ಕೊಂದು ಕಂತಿನಂತೆ ಡಿಸ್ನಿ ಪ್ಲಸ್‌ನಲ್ಲಿ ಬಂತು. ಮೂರು ಕಂತುಗಳ ಉದ್ದ ಸುಮಾರು 157, 173 ಮತ್ತು 138 ನಿಮಿಷ. ಬ್ರಿಟನ್ನಿನ ಬೀಟಲ್ಸ್ ತಂಡದ ನಾಲ್ವರು ಸಂಗೀತಗಾರರು (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) 1969ರ ಜನವರಿ ತಿಂಗಳಿಡೀ ಕೂತು ಹಾಡು ಕಟ್ಟುತ್ತಾರೆ, ಚಹಾ–ಟೋಸ್ಟ್ ತರಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳುತ್ತಾರೆ, ಒಬ್ಬ ಎದ್ದು ಹೋಗುತ್ತಾನೆ, ಮರಳಿ ಬರುತ್ತಾನೆ, ಕೊನೆಗೆ ಎಲ್ಲರೂ ತಾರಸಿ ಹತ್ತಿ ಬಾರಿಸುತ್ತಾರೆ. ಕಥೆ ಇಷ್ಟೇ. ಆದರೂ ತೆರೆಮರೆಯನ್ನು ತೋರಿಸುವ ಸಾಕ್ಷ್ಯಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ವಿರಳ. ಒಳಗೆ ಬಿಟ್ಟುಕೊಂಡದ್ದೊಂದೇ ಇದಕ್ಕೆ ಕಾರಣವಲ್ಲ. ಇತ್ತೀಚೆಗೆ ಎಲ್ಲ ತಂಡಗಳೂ, ಎಲ್ಲ ತಾರೆಯರೂ ಕ್ಯಾಮೆರಾವನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಇಲ್ಲಿ ಕ್ಯಾಮೆರಾ ಬೇಸರ ಹುಟ್ಟುವಷ್ಟು ಹೊತ್ತು ಒಳಗಿತ್ತು, ಸಂಕಲನಕಾರರು ಆ ಬೇಸರವನ್ನೂ ಉಳಿಸಿಕೊಂಡರು. ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದು ಕಾಣುವುದು ಆ ಬೇಸರದ ಮಧ್ಯೆಯೇ.

ಈ ಫುಟೇಜನ್ನು ಜಾಕ್ಸನ್ ಚಿತ್ರೀಕರಿಸಿದ್ದಲ್ಲ. 1969ರಲ್ಲಿ ನಿರ್ದೇಶಕರಾಗಿದ್ದವರು ಮೈಕೆಲ್ ಲಿಂಡ್ಸೆ-ಹಾಗ್. ಆಗಿನ ಯೋಜನೆ: ಹೊಸ ಹಾಡುಗಳನ್ನು ಕಟ್ಟಿ, ಜನರ ಮುಂದೆ ಹಾಡಿ, ಅದನ್ನು ಟಿ.ವಿ. ಕಾರ್ಯಕ್ರಮ ಮಾಡುವುದು. ಲಿಬಿಯಾದ ಸಬ್ರಾಥಾದಲ್ಲಿರುವ ರೋಮನ್ ಕಾಲದ ಬಯಲು ರಂಗಮಂದಿರದವರೆಗೂ ಚರ್ಚೆ ಹೋಗಿತ್ತು. ಗಡುವು ಮಾತ್ರ ಗಟ್ಟಿ, ಏಕೆಂದರೆ ರಿಂಗೋ ಸ್ಟಾರ್ ಮುಂದಿನ ತಿಂಗಳು ಬೇರೊಂದು ಸಿನಿಮಾದ ಚಿತ್ರೀಕರಣಕ್ಕೆ ಹೋಗಬೇಕಿತ್ತು. ಹಾಗಾಗಿ ಜನವರಿ 2ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ ಕೆಲಸ ಶುರುವಾಯಿತು. ಅದು ಸಿನಿಮಾ ಚಿತ್ರೀಕರಣದ ದೊಡ್ಡ, ತಣ್ಣನೆಯ ಹಜಾರ, ರೆಕಾರ್ಡಿಂಗ್ ಸ್ಟುಡಿಯೊ ಅಲ್ಲ. ರಾತ್ರಿ ಕೂತು ಹಾಡು ಮಾಡಿ ರೂಢಿಯಾದವರು ಸಿನಿಮಾ ಸಿಬ್ಬಂದಿಯ ವೇಳಾಪಟ್ಟಿಗೆ ತಕ್ಕಂತೆ ಬೆಳಗ್ಗೆಯೇ ಬಂದು ಕೂರಬೇಕಾಯಿತು. ಮೊದಲ ಕಂತಿನ ಜೋಲು ಮುಖಗಳಿಗೆ ಅರ್ಧ ಕಾರಣ ಇದು. ಇದನ್ನು ತಿಳಿಯದೆ ನೋಡಿದರೆ ತಂಡ ಒಡೆಯುತ್ತಿರುವ ಸೂಚನೆ ಎಲ್ಲೆಲ್ಲೂ ಕಾಣುತ್ತದೆ.

ಆ ಕಾಲದ ಸಲಕರಣೆಗಳು ಈ ಸರಣಿಯ ರೂಪವನ್ನೇ ನಿರ್ಧರಿಸಿವೆ. ಚಿತ್ರೀಕರಣ ನಡೆದದ್ದು 16 ಎಂ.ಎಂ. ಫಿಲ್ಮಿನಲ್ಲಿ. 400 ಅಡಿಯ ಒಂದು ಸುರುಳಿ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಫಿಲ್ಮಿಗೆ ಖರ್ಚೂ ಹೆಚ್ಚು. ಕ್ಯಾಮೆರಾವನ್ನು ನಿಲ್ಲಿಸಿ, ಯಾವುದನ್ನು ಹಿಡಿಯಬೇಕೆಂದು ಆಯ್ದು, ಮತ್ತೆ ಓಡಿಸಬೇಕು. ಧ್ವನಿಯ ಕಥೆ ಬೇರೆ. ಎರಡು ನಾಗ್ರಾ ಟೇಪ್ ರೆಕಾರ್ಡರುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಒಂದೊಂದು ಟೇಪಿಗೂ ಸುಮಾರು 16 ನಿಮಿಷ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಹೀಗಾಗಿ ಉಳಿದದ್ದು ಸುಮಾರು 60 ಗಂಟೆಯ ಚಿತ್ರ, 150 ಗಂಟೆಗೂ ಹೆಚ್ಚಿನ ಧ್ವನಿ. ಕಳುವಾಗಿದ್ದ ಸುಮಾರು 500 ನಾಗ್ರಾ ಟೇಪುಗಳು 2003ರಲ್ಲಿ ಪೊಲೀಸ್ ದಾಳಿಯಲ್ಲಿ ಸಿಕ್ಕಿದ್ದವು. ಅವು ಸಿಗದೆ ಹೋಗಿದ್ದರೆ ಈ ಸರಣಿಯ ಮಾತುಕತೆ ಇಷ್ಟು ತುಂಬಿಕೊಂಡು ಬರುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ: ಕಡಿಮೆಯೆಂದರೂ 90 ಗಂಟೆಯ ಮಾತಿಗೆ ಚಿತ್ರವೇ ಇಲ್ಲ. ಆದರೆ ಕಥೆಯ ತಿರುವುಗಳು ಕ್ಯಾಮೆರಾ ಓಡುತ್ತಿದ್ದಾಗಲೇ ನಡೆಯಬೇಕೆಂದಿಲ್ಲವಲ್ಲ. ಜಾಕ್ಸನ್ ಮತ್ತು ಸಂಕಲನಕಾರ ಜೇಬೆಜ್ ಓಲ್ಸೆನ್ ಈ ಕಂದರವನ್ನು ಬೇರೆ ಹೊತ್ತಿನ ಚಿತ್ರಗಳಿಂದ ಮುಚ್ಚಿದ್ದಾರೆ. ಇದನ್ನು ಗುರುತಿಸಲು ಕಲಿತರೆ ಸರಣಿಯನ್ನು ಓದುವ ರೀತಿಯೇ ಬದಲಾಗುತ್ತದೆ. ಮಾತಾಡುವವನ ತುಟಿ ಕಾಣುತ್ತಿದೆಯೇ ನೋಡಿ. ಬೆನ್ನು, ದೂರದ ನೋಟ, ಮೈಕ್ ಅಡ್ಡ ಬಂದ ಮುಖ, ಸಿಗರೇಟು ಹಿಡಿದ ಕೈ, ಕೇಳಿಸಿಕೊಳ್ಳುತ್ತಿರುವ ಇನ್ನೊಬ್ಬನ ಮುಖ ಇವು ಒಂದರ ಹಿಂದೆ ಒಂದು ಬಂದರೆ ಆ ಮಾತಿಗೆ ಅಸಲಿ ಚಿತ್ರ ಇರಲಿಲ್ಲ ಎಂದೇ ಇಟ್ಟುಕೊಳ್ಳಬಹುದು. ವಿಶೇಷವಾಗಿ ಪ್ರತಿಕ್ರಿಯೆಯ ಮುಖಗಳನ್ನು ನಂಬುವಾಗ ಎಚ್ಚರ ಬೇಕು. ಪಾಲ್ ಮೆಕಾರ್ಟ್ನಿ ಮಾತಿಗೆ ಜಾರ್ಜ್ ಹ್ಯಾರಿಸನ್ ಮುಖ ಸಿಂಡರಿಸಿದಂತೆ ಕಂಡರೆ, ಆ ಸಿಂಡರಿಕೆ ಆ ಮಾತಿಗೇ ಬಂದದ್ದು ಎಂಬ ಖಾತರಿ ಇಲ್ಲ. ಮಾತು ಸತ್ಯ, ಮುಖ ಸತ್ಯ, ಎರಡರ ಜೋಡಣೆ ಮಾತ್ರ ಸಂಕಲನದ್ದು. ಸರಣಿ ಇದನ್ನು ಆಯಾ ಜಾಗದಲ್ಲೇ ಪರದೆಯ ಮೇಲೆ ಗುರುತಿಸಬೇಕಿತ್ತು. ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ.

ಧ್ವನಿಯ ಕೆಲಸ ಬೆರಗು ಹುಟ್ಟಿಸುತ್ತದೆ. ನಾಗ್ರಾ ಟೇಪಿನಲ್ಲಿರುವುದು ಮೋನೊ: ಗಿಟಾರು, ಡ್ರಮ್ಮು, ಮಾತು, ಕುರ್ಚಿ ಎಳೆದ ಸದ್ದು ಎಲ್ಲವೂ ಒಂದೇ ಪಟ್ಟಿಯಲ್ಲಿ ಕಲಸಿಕೊಂಡಿವೆ. ನ್ಯೂಜಿಲೆಂಡಿನ ಜಾಕ್ಸನ್ ತಂಡ ಯಂತ್ರ ಕಲಿಕೆಯಿಂದ ಒಂದೊಂದು ವಾದ್ಯದ, ಒಂದೊಂದು ಕಂಠದ ಗುಣವನ್ನು ಕಂಪ್ಯೂಟರಿಗೆ ಕಲಿಸಿ, ಕಲಸಿದ್ದನ್ನು ಬಿಡಿಸುವ ತಂತ್ರಾಂಶ ಮಾಡಿಕೊಂಡಿತು. ಬೀಟಲ್ಸ್ ಸಹಾಯಕ ಮ್ಯಾಲ್ ಇವಾನ್ಸ್ ನೆನಪಿಗೆ ಅದರ ಹೆಸರು ‘ಮ್ಯಾಲ್’. ತೆರೆಮರೆಯ ಚಿತ್ರವೆಂಬ ನೆಲೆಯಲ್ಲಿ ಇದಕ್ಕೆ ಇನ್ನೊಂದು ಮಹತ್ವವಿದೆ. ಖಾಸಗಿ ಮಾತಾಡಬೇಕಾದಾಗ ಬೀಟಲ್ಸ್ ಆಂಪ್ಲಿಫೈಯರ್ ಸದ್ದು ಏರಿಸಿ, ಗಿಟಾರನ್ನು ಸುಮ್ಮನೆ ಮೀಟುತ್ತಾ, ಆ ಗದ್ದಲದ ಮರೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು ಎಂದು ಜಾಕ್ಸನ್ ವಿವರಿಸಿದ್ದಾರೆ. ಐವತ್ತು ವರ್ಷದ ಮೇಲೆ ಯಂತ್ರ ಆ ಗಿಟಾರನ್ನು ಅಳಿಸಿತು, ಮಾತು ಹೊರಗೆ ಬಂತು. ಮೈಕ್ ಇದೆ ಎಂದು ಗೊತ್ತಿದ್ದೇ ಮರೆಮಾಡಿದ ಮಾತು ಅದು. ಅದನ್ನು ಕೇಳಿಸಿದ್ದು ತಪ್ಪೆಂದು ನಾನು ಹೇಳಲಾರೆ. ಬದುಕಿರುವ ಇಬ್ಬರೂ, ಉಳಿದಿಬ್ಬರ ಪತ್ನಿಯರೂ ನಿರ್ಮಾಪಕರ ಪಟ್ಟಿಯಲ್ಲಿ ಇದ್ದಾರೆ. ಆದರೆ ಅವರು 1969ರಲ್ಲಿ ಒಪ್ಪಿದ್ದು ಇದಕ್ಕಲ್ಲ ಎಂಬುದನ್ನು ನೋಡುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ನ್ಯಾಯ. ಇದೇ ತಂತ್ರದ ಮುಂದಿನ ಫಲವಾಗಿ ‘ರಿವಾಲ್ವರ್’ ಆಲ್ಬಮ್ಮಿನ 2022ರ ಹೊಸ ಮಿಕ್ಸ್ ಬಂತು, 2023ರಲ್ಲಿ ‘ನೌ ಅಂಡ್ ದೆನ್’ ಹಾಡು ಬಂತು.

ಹೂಕುಂಡದ ಪ್ರಸಂಗ ಇನ್ನೂ ತೊಡಕಿನದು. ಜನವರಿ 10ರಂದು ಜಾರ್ಜ್ ತಂಡ ಬಿಟ್ಟು ಹೊರಟ ಮೇಲೆ, 13ರ ಮಧ್ಯಾಹ್ನ ಜಾನ್ ಲೆನನ್ ಮತ್ತು ಪಾಲ್ ಕ್ಯಾಂಟೀನಿನಲ್ಲಿ ಕೂತು ಅದನ್ನೇ ಮಾತಾಡುತ್ತಾರೆ. ಮೇಜಿನ ಹೂಕುಂಡದಲ್ಲಿ ಸಿಬ್ಬಂದಿ ಮೈಕ್ ಬಚ್ಚಿಟ್ಟಿದ್ದರು, ಇವರಿಬ್ಬರಿಗೂ ಗೊತ್ತಿರಲಿಲ್ಲ. ಚಿತ್ರವಿಲ್ಲ, ತಟ್ಟೆ–ಚಮಚದ ಗದ್ದಲದಿಂದ ಬಿಡಿಸಿ ತೆಗೆದ ಧ್ವನಿ ಮತ್ತು ಪರದೆಯ ಮೇಲಿನ ಅಕ್ಷರ ಮಾತ್ರ. ಜಾರ್ಜನ ಗಾಯವನ್ನು ತಾವೇ ಬೆಳೆಯಬಿಟ್ಟೆವು ಎಂಬ ಅರಿವು ಇಬ್ಬರ ಮಾತಿನಲ್ಲೂ ಇದೆ. ಇಡೀ ಸರಣಿಯಲ್ಲಿ ಅತ್ಯಂತ ಪ್ರಾಮಾಣಿಕ ಸಂಭಾಷಣೆ ಇದು, ಕದ್ದು ಕೇಳಿದ್ದೂ ಇದೊಂದೇ. ಕ್ಯಾಮೆರಾದ ಎದುರು ಅವರು ಎಷ್ಟೇ ಸಹಜವಾಗಿ ಕಂಡರೂ, ಕ್ಯಾಮೆರಾ ಇಲ್ಲವೆಂದುಕೊಂಡಾಗ ಮಾತಿನ ದನಿಯೇ ಬೇರೆಯಿತ್ತು ಎಂದು ಇಲ್ಲಿ ಹೋಲಿಸಿ ತಿಳಿಯಬಹುದು. ಇಂಥ ಅವಕಾಶ ಈ ಜಾತಿಯ ಚಿತ್ರಗಳಲ್ಲಿ ಬಹಳ ಕಡಿಮೆ ಸಿಗುತ್ತದೆ.

ಇನ್ನೊಂದನ್ನು ಗಮನಿಸಬೇಕು. ತಂಡದ ಗತಿ ನಿರ್ಧಾರವಾದದ್ದು ಜನವರಿ 12 ಮತ್ತು 15ರ ಎರಡು ಸಭೆಗಳಲ್ಲಿ. ಎರಡಕ್ಕೂ ಕ್ಯಾಮೆರಾ ಇರಲಿಲ್ಲ. ಹೊರದೇಶದ ಕಾರ್ಯಕ್ರಮ ಬೇಡ, ಟ್ವಿಕನ್‌ಹ್ಯಾಮ್ ಬೇಡ ಎಂಬ ಷರತ್ತಿನ ಮೇಲೆ ಜಾರ್ಜ್ ಮರಳಿದ್ದು ಎರಡನೆಯದರಲ್ಲಿ. ಸರಣಿಯಲ್ಲಿ ಇವು ಪರದೆಯ ಮೇಲಿನ ಬರಹವಾಗಿ ಹಾದು ಹೋಗುತ್ತವೆ. ಒಳಗೆ ಎಷ್ಟೇ ಪ್ರವೇಶ ಸಿಕ್ಕಿದ್ದರೂ ನಿರ್ಣಯದ ಕೋಣೆಗೆ ಸಿಗಲಿಲ್ಲ. ಅದನ್ನು ಸರಣಿ ಮುಚ್ಚಿಡದೆ ಖಾಲಿಯನ್ನು ಖಾಲಿಯಾಗಿಯೇ ಬಿಟ್ಟಿದೆ. ಸಂದರ್ಶನ ತುರುಕಿಲ್ಲ, ಇಂದಿನ ಪಾಲ್ ಅಥವಾ ರಿಂಗೋ ಬಂದು ಕಥೆ ಹೇಳುವುದಿಲ್ಲ. ಈ ಸಂಯಮಕ್ಕೆ ಪೂರ್ಣ ಅಂಕ ಕೊಡಬೇಕು.

ಬೇರೆ ಸರಣಿಗಳ ಪಕ್ಕ ಇಟ್ಟರೆ ವ್ಯತ್ಯಾಸ ಸ್ಪಷ್ಟ. 2020ರ ‘ದ ಲಾಸ್ಟ್ ಡ್ಯಾನ್ಸ್’ ಕೂಡ ಹಳೆಯ ಫುಟೇಜಿನ ಮೇಲೆ ನಿಂತದ್ದೇ: ಷಿಕಾಗೊ ಬುಲ್ಸ್ ಬಾಸ್ಕೆಟ್‌ಬಾಲ್ ತಂಡದ 1997–98ರ ಋತುವನ್ನು ಒಳಗಿಂದ ಚಿತ್ರೀಕರಿಸಿದ್ದರು, ತಂಡದ ತಾರೆ ಮೈಕೆಲ್ ಜೋರ್ಡನ್ ಒಪ್ಪುವವರೆಗೆ ಅದು ಎರಡು ದಶಕ ಹೊರಬರಲಿಲ್ಲ. ಆದರೆ ಹತ್ತು ಕಂತುಗಳ ಬೆನ್ನೆಲುಬು ಇಂದಿನ ಸಂದರ್ಶನಗಳು. ಎದುರಾಳಿಯ ಮಾತನ್ನು ಐಪ್ಯಾಡಿನಲ್ಲಿ ನೋಡಿ ಜೋರ್ಡನ್ ನಗುವುದರೊಂದಿಗೆ ವಾದ ಮುಗಿಯುತ್ತದೆ. ಅವರದೇ ಕಂಪನಿ ನಿರ್ಮಾಣದಲ್ಲಿ ಪಾಲುದಾರ ಎಂಬುದನ್ನು ಮರೆಯದೆ ನೋಡಬೇಕು. 2019ರಲ್ಲಿ ಶುರುವಾದ ‘ಡ್ರೈವ್ ಟು ಸರ್ವೈವ್’ ಫಾರ್ಮುಲಾ ಒನ್ ಕಾರು ರೇಸಿನ ಗ್ಯಾರೇಜಿನೊಳಗೆ ಕರೆದೊಯ್ಯುತ್ತದೆ; ಮೊದಲ ಋತುವಿಗೆ ಮರ್ಸಿಡಿಸ್ ಮತ್ತು ಫೆರಾರಿ ಬರಲೊಪ್ಪದ ಕಾರಣ ಹಿಂದಿನ ಸಾಲಿನ ತಂಡಗಳ ಕಥೆಯೇ ಮುಂದೆ ಬಂದು, ಅದೇ ಅದರ ಚೆಲುವಾಯಿತು. ನಂತರ ಇಲ್ಲದ ಪೈಪೋಟಿಯನ್ನು ಕಟ್ಟುತ್ತಾರೆಂದು ಚಾಲಕ ಮ್ಯಾಕ್ಸ್ ವೆರ್ಸ್ಟಾಪನ್ ಬಹಿರಂಗವಾಗಿಯೇ ದೂರಿ ಕೆಲಕಾಲ ದೂರ ಉಳಿದರು. ನಲವತ್ತು ನಿಮಿಷದ ಕಂತಿಗೆ ನಾಯಕ–ಖಳನಾಯಕ ಬೇಕೇ ಬೇಕು. ಎಂಟು ಗಂಟೆ ಇದ್ದರೆ ಬೇಕಾಗುವುದಿಲ್ಲ.

‘ಗೆಟ್ ಬ್ಯಾಕ್’ ಕೂಡ ಮನೆಯವರೇ ಮಾಡಿಸಿದ ಚಿತ್ರ, ಬೀಟಲ್ಸ್ ತಾವೇ ಕಟ್ಟಿದ ಆ್ಯಪಲ್ ಕೋರ್ ಸಂಸ್ಥೆಯದು. ಅದರ ಗುರುತು ಬಿದ್ದಿಲ್ಲವೆಂದಲ್ಲ. ಲೆನನ್‌ಗೆ ಆ ದಿನಗಳಲ್ಲಿದ್ದ ಹೆರಾಯಿನ್ ಚಟವನ್ನು ಸರಣಿ ನೇರವಾಗಿ ಎತ್ತಿಕೊಳ್ಳುವುದಿಲ್ಲ. ಮುಂದೆ ತಂಡವನ್ನು ನ್ಯಾಯಾಲಯದವರೆಗೆ ಒಯ್ದ ವ್ಯವಹಾರದ ಜಗಳಕ್ಕೆ ಕಾರಣನಾದ ಮ್ಯಾನೇಜರ್ ಆಲನ್ ಕ್ಲೈನ್ ಹೆಸರು ಕೊನೆಯ ಕಂತಿನಲ್ಲಿ ಬಂದು, ಸ್ವಲ್ಪ ಹೊತ್ತಿಗೆ ಸರಿದು ಹೋಗುತ್ತದೆ. ಒಟ್ಟು ಸ್ವರ ‘ಅಷ್ಟೇನೂ ಜಗಳವಿರಲಿಲ್ಲ’ ಎಂಬ ಕಡೆಗೆ ವಾಲುತ್ತದೆ. ಲೆನನ್ ಸಂಗಾತಿ ಯೊಕೊ ಓನೊ ವಿಷಯದಲ್ಲಂತೂ ಈ ವಾಲುವಿಕೆ ಸತ್ಯದ ಕಡೆಗೇ ಇದೆ. ಆಕೆ ಗಂಟೆಗಟ್ಟಲೆ ಸುಮ್ಮನೆ ಕೂತು ಪತ್ರಿಕೆ ಓದುತ್ತಾರೆ, ಹೆಣೆಯುತ್ತಾರೆ. ಯೊಕೊ ಆಂಪ್ಲಿಫೈಯರ್ ಮೇಲೆ ಕೂತದ್ದಕ್ಕೆ ಬೀಟಲ್ಸ್ ಒಡೆದರು ಎಂದು ಐವತ್ತು ವರ್ಷದ ಮೇಲೆ ಹೇಳಿದರೆ ಎಷ್ಟು ಹಾಸ್ಯಾಸ್ಪದ ಎಂದು ಪಾಲ್ ಅವತ್ತೇ ಹೇಳುತ್ತಾರೆ.

ಈಗ ಎಲ್ಲಿ ನಿಲ್ಲಬೇಕು ಎಂಬ ವಿಚಾರ. ಮೊದಲ ಕಂತಿನಲ್ಲಿ ಜನವರಿ 7ರ ಭಾಗ. ಲೆನನ್ ಇನ್ನೂ ಬಂದಿಲ್ಲ. ಪಾಲ್ ಬೇಸ್ ಗಿಟಾರನ್ನು ಮಾಮೂಲಿ ಗಿಟಾರಿನಂತೆ ಗೀಚುತ್ತಾ ಅರ್ಥವಿಲ್ಲದ ಸ್ವರಗಳಲ್ಲಿ ಗೊಣಗುತ್ತಾರೆ. ಜಾರ್ಜ್ ಆಕಳಿಸುತ್ತಾರೆ. ಎರಡೇ ನಿಮಿಷದಲ್ಲಿ ಆ ಗೊಣಗಾಟದಿಂದ ‘ಗೆಟ್ ಬ್ಯಾಕ್’ ಹಾಡಿನ ಆಕಾರ ಮೇಲೇಳುತ್ತದೆ, ಜಾರ್ಜ್ ಕೈ ಗಿಟಾರಿಗೆ ಹೋಗುತ್ತದೆ, ರಿಂಗೋ ಚಪ್ಪಾಳೆಯಲ್ಲಿ ತಾಳ ಹಿಡಿಯುತ್ತಾರೆ. ಹಾಡು ಹುಟ್ಟುವುದನ್ನು ನಟಿಸಿ ತೋರಿಸಿದ ಚಿತ್ರಗಳು ಎಷ್ಟೋ ಇವೆ. ನಿಜಕ್ಕೂ ಹುಟ್ಟುವುದು ದಾಖಲಾದದ್ದು ಇದರಷ್ಟು ಚೊಕ್ಕವಾಗಿ ಬೇರೆಲ್ಲೂ ಕಂಡಿಲ್ಲ. ಇಲ್ಲಿ ಮುಂದೆ ಓಡಿಸಬೇಡಿ. ಮುಂದಿನ ದಿನಗಳಲ್ಲಿ ಈ ಹಾಡು ಪಡೆಯುವ ತಿರುವುಗಳನ್ನೂ ಹಿಂಬಾಲಿಸಿ. ಒಂದು ಹಂತದಲ್ಲಿ ಅದರಲ್ಲಿ, ಇಂಗ್ಲೆಂಡಿಗೆ ಬರುತ್ತಿದ್ದ ನಮ್ಮ ಉಪಖಂಡದ ವಲಸಿಗರ ವಿರುದ್ಧದ ರಾಜಕೀಯವನ್ನು ಗೇಲಿ ಮಾಡುವ ಸಾಲುಗಳಿದ್ದವು. ಅವು ಉದುರಿದವು, ಜೋಜೊ, ಲೊರೆಟ್ಟಾ ಎಂಬ ಪಾತ್ರಗಳು, ಅರಿಜೋನಾದ ಟೂಸಾನ್ ಎಂಬ ಊರು ಬಂದು ಕೂತವು.

ಎರಡನೆಯ ಕಂತಿನ ಮೊದಲರ್ಧ ಭಾರ. ತಂಡ ಲಂಡನ್ನಿನ ಸ್ಯಾವಿಲ್ ರೋ ರಸ್ತೆಯ 3ನೇ ನಂಬರಿನ ಆ್ಯಪಲ್ ಕಟ್ಟಡದ ನೆಲಮಾಳಿಗೆಗೆ ಬಂದ ಮೇಲೆ ಉಸಿರಾಡುವಂತಾಗುತ್ತದೆ. ಅಲ್ಲಿ ಅವರ ಎಲೆಕ್ಟ್ರಾನಿಕ್ಸ್ ತಂತ್ರಜ್ಞ ಅಲೆಕ್ಸ್ ಮಾರ್ಡಾಸ್ ಕಟ್ಟಿದ್ದ ರೆಕಾರ್ಡಿಂಗ್ ಉಪಕರಣ ಕೆಲಸಕ್ಕೆ ಬಾರದೆ ರೆಕಾರ್ಡ್ ಕಂಪನಿ ಇ.ಎಂ.ಐ.ನಿಂದ ಧ್ವನಿ ಬೆರೆಸುವ ಕನ್ಸೋಲ್ ತರಿಸಿಕೊಳ್ಳಬೇಕಾಯಿತು. ಜನವರಿ 21ರಿಂದ ಮುಂದಿನ ಹಾಡುಗಳ ಧ್ವನಿ ಹಠಾತ್ತನೆ ತುಂಬಿಕೊಳ್ಳುವುದಕ್ಕೆ ಇದೇ ಕಾರಣ. ಟ್ವಿಕನ್‌ಹ್ಯಾಮಿನಲ್ಲಿ ನಾಗ್ರಾ ಮೋನೊ ಮಾತ್ರ ಇತ್ತು, ಇಲ್ಲಿ ಧ್ವನಿಗಳನ್ನು ಎಂಟು ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿಯುವ ಎಂಟು ಟ್ರ್ಯಾಕಿನ ಯಂತ್ರ ಓಡುತ್ತಿದೆ. 22ರಂದು ಕೀಬೋರ್ಡ್ ವಾದಕ ಬಿಲ್ಲಿ ಪ್ರೆಸ್ಟನ್ ಸುಮ್ಮನೆ ಮಾತಾಡಿಸಲು ಬಂದು ಎಲೆಕ್ಟ್ರಿಕ್ ಪಿಯಾನೊ ಎದುರು ಕೂರುತ್ತಾರೆ. ಹೊರಗಿನವನೊಬ್ಬ ಕೋಣೆಗೆ ಬಂದೊಡನೆ ನಾಲ್ವರ ಬೆನ್ನು ನೆಟ್ಟಗಾಗುವುದನ್ನು ನೋಡಿ. ಅತಿಥಿ ಎದುರಿಗಿದ್ದರೆ ಮನೆಯವರು ಜಗಳವಾಡದಿರುವ ಹಾಗೆಯೇ ಅದು, ಆದರೆ ಇಲ್ಲಿ ಆ ಸೌಜನ್ಯ ಸಂಗೀತಕ್ಕೂ ಇಳಿಯುತ್ತದೆ.

ಭಾರತದ ನೋಡುಗರಿಗೆ ಇದೇ ಕಂತಿನಲ್ಲಿ ಒಂದು ಪುಟ್ಟ ನಿಧಿ ಇದೆ. 1968ರಲ್ಲಿ ಹೃಷಿಕೇಶದ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿ ಬೀಟಲ್ಸ್ ತಾವೇ ತೆಗೆದ ಚಿತ್ರಗಳ ಬಗ್ಗೆ ಮಾತು ಬರುತ್ತದೆ, ಆ ಚಿತ್ರಗಳೂ ಬರುತ್ತವೆ. ಅಲ್ಲಿ ನಾವು ನಾವಾಗಿರಲಿಲ್ಲ ಎಂಬ ಧಾಟಿಯಲ್ಲಿ ಪಾಲ್ ಹೇಳಿದರೆ, ನಿಜವಾದ ‘ನಾನು’ ಯಾರೆಂದು ಹುಡುಕಲೆಂದೇ ಅಲ್ಲವೇ ಹೋದದ್ದು ಎಂಬ ಕಡೆಗೆ ಜಾರ್ಜ್ ಮಾತು ತಿರುಗುತ್ತದೆ. ಇಬ್ಬರ ದಾರಿ ಎಲ್ಲಿ ಕವಲೊಡೆದಿದೆ ಎಂಬುದು ಯಾವ ಜಗಳಕ್ಕಿಂತ ಹೆಚ್ಚಾಗಿ ಇಲ್ಲಿ ತಿಳಿಯುತ್ತದೆ.

ಮೂರನೆಯ ಕಂತಿನಲ್ಲಿ ಅದೇ ಆ್ಯಪಲ್ ಕಟ್ಟಡದ ತಾರಸಿಯ ಮೇಲೆ ನಡೆಯುವ ಸಂಗೀತ ಕಛೇರಿ ಪ್ರಸಿದ್ಧ: ಜನವರಿ 30, ಗುರುವಾರ, 42 ನಿಮಿಷ, ಐದು ಹಾಡುಗಳು, ‘ಒನ್ ಆಫ್ಟರ್ 909’ ಮತ್ತು ‘ಡಿಗ್ ಎ ಪೋನಿ’ ಒಂದೊಂದೇ ಸಲ, ಉಳಿದವು ಒಂದಕ್ಕಿಂತ ಹೆಚ್ಚು ಸಲ. ತಾರಸಿಯ ಮೇಲೆ ಐದು ಕ್ಯಾಮೆರಾ, ಎದುರಿನ ಕಟ್ಟಡದಲ್ಲಿ ಒಂದು, ರಸ್ತೆಯಲ್ಲಿ ಮೂರು, ಕೆಳಗಿನ ಸ್ವಾಗತ ಕೋಣೆಯಲ್ಲಿ ಬಚ್ಚಿಟ್ಟದ್ದು ಒಂದು. ಗದ್ದಲದ ದೂರಿನ ಮೇಲೆ ಪೊಲೀಸರು ಬಂದು ಕಾಯುವುದನ್ನು ಹಿಡಿದದ್ದು ಈ ಹತ್ತನೆಯದು. ಜಾಕ್ಸನ್ ಪರದೆಯನ್ನು ಭಾಗ ಮಾಡಿ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಓಡಿಸುತ್ತಾರೆ. ಫೋನಿನ ಪರದೆಯಲ್ಲಿ ಇದು ವ್ಯರ್ಥ, ಟಿ.ವಿ.ಯಲ್ಲೇ ನೋಡಬೇಕು. ಜನವರಿಯ ಗಾಳಿಗೆ ಮೈಕುಗಳು ಗೊರಗುಟ್ಟದಂತೆ ಹೆಂಗಸರ ತೆಳು ಕಾಲುಚೀಲ ತಂದು ಹೊದಿಸಿದ್ದರು. ಅಲ್ಲಿನ ಧ್ವನಿ ಕೇಬಲ್ಲುಗಳಲ್ಲಿ ಇಳಿದು ನೆಲಮಾಳಿಗೆಯ ಎಂಟು ಟ್ರ್ಯಾಕಿನ ಯಂತ್ರಕ್ಕೆ ಹೋಗುತ್ತಿತ್ತು. ಬಯಲಿನಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ ಬಾರಿಸಿದ್ದು ಆಲ್ಬಮ್ಮಿಗೆ ಸೇರುವಷ್ಟು ಚೊಕ್ಕವಾಗಿ ಬಂದದ್ದು ಹೀಗೆ. ಸುಮಾರು ನಾಲ್ಕು ವಾರದ ತಡವರಿಕೆಯನ್ನು ನೋಡಿದ ಮೇಲೆ ಆ ಹಾಡುಗಳು ಎಷ್ಟು ಕಷ್ಟದಿಂದ ಅಷ್ಟು ಸಲೀಸಾದವು ಎಂದು ಗೊತ್ತಾಗುತ್ತದೆ. ತಾರಸಿ ಭಾಗವನ್ನು ಬಿಡಿಯಾಗಿ ನೋಡಿದವರಿಗೆ ಈ ಸುಖವಿಲ್ಲ.

ಚಿತ್ರದ ಗುಣಮಟ್ಟದ ಬಗ್ಗೆ ತಕರಾರು ಇದೆ. 16 ಎಂ.ಎಂ. ಫಿಲ್ಮಿಗೆ ಸಹಜವಾದ ಕಣಗಳನ್ನು ಬಹಳ ಮಟ್ಟಿಗೆ ತೆಗೆದು ಬಣ್ಣ ಏರಿಸಿದ್ದಾರೆ. ಬಟ್ಟೆಗಳ ಗುಲಾಬಿ, ಹಸಿರು, ಕಿತ್ತಳೆ ಚೆನ್ನಾಗಿ ಕಾಣುತ್ತವೆ. ಸಮೀಪದ ನೋಟಗಳಲ್ಲಿ ಚರ್ಮ ಮಾತ್ರ ಮೇಣ ಹಚ್ಚಿದಂತೆ ನುಣುಪು. ಟಿ.ವಿ.ಯ ‘ಶಾರ್ಪ್‌ನೆಸ್’ ಕಡಿಮೆ ಮಾಡಿ, ಚಲನೆಯನ್ನು ನಯ ಮಾಡುವ ‘ಮೋಷನ್’ ಸೆಟ್ಟಿಂಗ್ ಆಫ್ ಮಾಡಿ, ‘ಸಿನಿಮಾ’ ಮೋಡಿನಲ್ಲಿಟ್ಟರೆ ಇದು ಸಾಕಷ್ಟು ತಗ್ಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಅಗತ್ಯ. ಲಿವರ್‌ಪೂಲ್ ಉಚ್ಚಾರ, ಮೂವರು ಒಟ್ಟಿಗೆ ಮಾತಾಡುವ ಚಾಳಿ, ಒಳಗೊಳಗಿನ ಜೋಕು ಇವುಗಳಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಎಷ್ಟೋ ತಪ್ಪಿಹೋಗುತ್ತದೆ. ಟಿ.ವಿ.ಯ ಸ್ಪೀಕರಿಗಿಂತ ಹೆಡ್‌ಫೋನ್ ಮೇಲು, ಏಕೆಂದರೆ ಹಿನ್ನೆಲೆಯ ಅರ್ಧ ದನಿಯ ಮಾತುಗಳಲ್ಲಿಯೇ ಬಹಳಷ್ಟಿದೆ.

ಒಂದೇ ಕೂತಿಗೆ ಒಂದು ಕಂತು ಎಂಬ ಹಟ ಬೇಡ. ಪರದೆಯ ಮೇಲೆ ಕ್ಯಾಲೆಂಡರ್ ಬಂದು ದಿನಕ್ಕೆ ಗೀಟು ಬೀಳುತ್ತದಲ್ಲ, ಅಲ್ಲಲ್ಲಿ ನಿಲ್ಲಿಸಿ, ಎರಡು–ಮೂರು ‘ದಿನ’ಗಳಂತೆ ನೋಡಿದರೆ ಆಯಾಸವಾಗದು. ಬೀಟಲ್ಸ್ ಇತಿಹಾಸ ಗೊತ್ತಿದ್ದವರು ಮೊದಲ ಕಂತಿನ ಶುರುವಿನ ಹಿನ್ನೋಟವನ್ನು ದಾಟಿಸಬಹುದು. ಎಲ್ಲ ಮುಗಿದ ಮೇಲೆ ಲಿಂಡ್ಸೆ-ಹಾಗ್ ಅವರ 1970ರ ಮೂಲ ಚಿತ್ರ ‘ಲೆಟ್ ಇಟ್ ಬಿ’ಯನ್ನು ನೋಡಿ; ದಶಕಗಳ ಕಾಲ ಸಿಗದಿದ್ದ ಅದು 2024ರ ಮೇ ತಿಂಗಳಲ್ಲಿ ಹೊಸದಾಗಿ ಡಿಸ್ನಿ ಪ್ಲಸ್‌ಗೆ ಬಂತು. ಒಂದೂ ಕಾಲು ಗಂಟೆಗೆ ತುಸು ಹೆಚ್ಚು, ಅಷ್ಟೇ. ಅದರ ಚಿತ್ರಗಳನ್ನು ಮತ್ತೆ ಬಳಸದೆ ಬೇರೆ ಕೋನ, ಬೇರೆ ಟೇಕು ಆರಿಸಲು ಜಾಕ್ಸನ್ ಪ್ರಯತ್ನಿಸಿದ್ದರಿಂದ ಎರಡೂ ಒಂದನ್ನೊಂದು ಪೂರೈಸುತ್ತವೆ. ಪಾಲ್–ಜಾರ್ಜ್ ನಡುವೆ ಗಿಟಾರ್ ನುಡಿಸುವ ಬಗ್ಗೆ ನಡೆದ ಪ್ರಸಿದ್ಧ ಚಕಮಕಿ ಅಲ್ಲಿ ತುಂಡಾಗಿ, ಕಹಿಯಾಗಿ ಬರುತ್ತದೆ. ಇಲ್ಲಿ ಅದರ ಹಿಂದುಮುಂದಿನ ಮಾತೂ ಇದೆ. ಒಂದೇ ಫುಟೇಜಿನಿಂದ ಎರಡು ಬೇರೆ ಬೇರೆ ಜನವರಿಗಳನ್ನು ಕಟ್ಟಬಹುದು ಎಂಬುದಕ್ಕೆ ಇಷ್ಟು ಕೈಗೆಟುಕುವ ಪಾಠ ಇನ್ನೊಂದಿಲ್ಲ.

ಮೂರನೆಯ ಕಂತಿನಲ್ಲಿ ಹೆಸರುಗಳ ಪಟ್ಟಿ ಶುರುವಾದಾಗ ಆ್ಯಪ್ ಬೇರೆ ಕಾರ್ಯಕ್ರಮಕ್ಕೆ ಜಿಗಿಯದಂತೆ ನೋಡಿಕೊಳ್ಳಿ. ಜನವರಿ 31ರಂದು ನೆಲಮಾಳಿಗೆಯಲ್ಲಿ ‘ಟು ಆಫ್ ಅಸ್’, ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’, ‘ಲೆಟ್ ಇಟ್ ಬಿ’ ಹಾಡುಗಳ ರೆಕಾರ್ಡಿಂಗ್ ನಡೆದದ್ದನ್ನು ತೋರಿಸುವುದು ಆ ಪಟ್ಟಿಯ ಜೊತೆಯಲ್ಲೇ.